ಬೆದರಿಕೆಯ ಹಿಂದಿನ ಮಗು

2023ರ ಡಿಸೆಂಬರ್ 1ರ ಬೆಳಿಗ್ಗೆ ಬೆಂಗಳೂರಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂತು. ಮಕ್ಕಳನ್ನು ತರಗತಿಗಳಿಂದ ಹೊರಗೆ ಕಳುಹಿಸಲಾಯಿತು. ಗಾಬರಿಗೊಂಡ ತಾಯ್ತಂದೆಯರು ಶಾಲೆಗಳ ಗೇಟಿನ ಮುಂದೆ ನೆರೆದರು. ಪೊಲೀಸರು ಶ್ವಾನದಳ, ಬಾಂಬ್ ಪತ್ತೆ ದಳಗಳೊಂದಿಗೆ ಬಂದು ಕಟ್ಟಡಗಳನ್ನು ಶೋಧಿಸಿದರು. ಏನೂ ಸಿಗಲಿಲ್ಲ. 2022ರ ಏಪ್ರಿಲ್‌ನಲ್ಲೂ ನಗರದ ಹಲವು ಶಾಲೆಗಳಿಗೆ ಇಂಥದೇ ಇ-ಮೇಲ್ ಬಂದು, ಅದೂ ಹುಸಿಯಾಗಿತ್ತು.

ಹೀಗೆ ಹೊರಗಿನಿಂದ ಬರುವ ಬೆದರಿಕೆಗೆ ಉತ್ತರ ಕೊಡಲು ಸರ್ಕಾರದಲ್ಲಿ ಒಂದು ವ್ಯವಸ್ಥೆ ಇದೆ. ಅದಕ್ಕೆ ಸಿಬ್ಬಂದಿ ಇದ್ದಾರೆ, ಸಲಕರಣೆ ಇದೆ, ಬಜೆಟ್ಟಿನಲ್ಲಿ ಹಣವಿದೆ. ಆದರೆ ಶಾಲೆಯ ಒಳಗಿನಿಂದಲೇ ಏಳುವ ಬೆದರಿಕೆಯ ಸಂಗತಿ ಬೇರೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಜಗಳದ ನಡುವೆ ಸಹಪಾಠಿಗೆ ‘ನಿನಗೊಂದು ಗತಿ ಕಾಣಿಸ್ತೀನಿ’ ಎನ್ನುತ್ತಾನೆ. ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತಾನಿನ್ನು ಇರುವುದಿಲ್ಲ ಎಂದು ಬರೆಯುತ್ತಾಳೆ. ಇವು ಸಿಟ್ಟಿನ ಮಾತೋ, ತಮಾಷೆಯೋ, ನಿಜವಾಗಿ ಮಾಡಲು ಹೊರಟದ್ದೋ ಎಂದು ತೀರ್ಮಾನಿಸುವವರು ಯಾರು? ಅವರಿಗೆ ಆ ವಿದ್ಯೆಯನ್ನು ಯಾರು ಕಲಿಸಿದ್ದಾರೆ? ಆ ಕೆಲಸಕ್ಕೆ ಸಂಬಳ ಯಾರ ಲೆಕ್ಕದಿಂದ ಬರುತ್ತದೆ?

ಶಿವಮೊಗ್ಗದ ಸಾಗರ ರಸ್ತೆಯ ಆಲ್ಕೊಳದಂಥ ಬಡಾವಣೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಊರು ಬೆಳೆದಂತೆ ನಗರದೊಳಗೆ ಸೇರಿಹೋದ ಇಂಥ ಜಾಗಗಳಲ್ಲಿ ಶಾಲೆಗೆ ಬರುವ ಮಕ್ಕಳ ಮನೆಯ ಪರಿಸ್ಥಿತಿ ಒಂದೇ ಬಗೆಯದಲ್ಲ. ಅಪ್ಪನ ಕುಡಿತ, ಸಾಲ, ಅಂಕಗಳ ಒತ್ತಡ, ಮೊಬೈಲಿನಲ್ಲಿ ನಡೆಯುವ ಅವಮಾನ ಎಲ್ಲವೂ ಮಗುವಿನ ಚೀಲದ ಜೊತೆಯಲ್ಲೇ ಶಾಲೆಯೊಳಗೆ ಬರುತ್ತವೆ. ಕಾಂಪೌಂಡ್ ಗೋಡೆಗೆ, ಕೊಠಡಿಯ ಹೆಂಚಿಗೆ, ಕ್ಯಾಮೆರಾಕ್ಕೆ ಹಣ ಕೇಳುವುದು ಹೇಗೆಂದು ಮುಖ್ಯೋಪಾಧ್ಯಾಯರಿಗೆ ಗೊತ್ತು. ಮಗುವಿನ ಮಾತು ಕೇಳಿ ಅದರ ತೂಕ ಅಳೆಯುವ ಒಬ್ಬ ವ್ಯಕ್ತಿಗಾಗಿ ಹಣ ಕೇಳುವ ಶೀರ್ಷಿಕೆ ಯಾವುದೆಂದು ಹೇಳುವುದು ಅಷ್ಟು ಸುಲಭವಲ್ಲ.

ಈ ಪ್ರಶ್ನೆಗೆ ಜಗತ್ತಿನಲ್ಲಿ ಎರಡು ಕಡೆಗಳಿಂದ ಉತ್ತರ ಹುಡುಕಲಾಯಿತು. ಅಮೆರಿಕ ಭಯದಿಂದ ಹೊರಟು ಮಗುವಿನ ಮನಸ್ಸಿನ ಕಡೆ ಬಂತು. ಕರ್ನಾಟಕ ಆಸ್ಪತ್ರೆಯಿಂದ ಹೊರಟು ಶಾಲೆಯ ಕಡೆ ಬಂತು. ಎರಡು ದಾರಿಗಳೂ ಕೊನೆಗೆ ಮುಟ್ಟಿದ್ದು ಹಣದ ಪ್ರಶ್ನೆಯನ್ನು.

ಅಧ್ಯಕ್ಷರ ಕಾವಲಿನಿಂದ ಶಾಲೆಯ ಕಾವಲಿಗೆ

ಬೆದರಿಕೆಯನ್ನು ಶಾಸ್ತ್ರೀಯವಾಗಿ ತೂಗಿ ನೋಡುವ ಪದ್ಧತಿ ಹುಟ್ಟಿದ್ದು ಶಾಲೆಯಲ್ಲಲ್ಲ. ಅಮೆರಿಕದ ಅಧ್ಯಕ್ಷರ ಅಂಗರಕ್ಷಣೆಯ ಹೊಣೆ ಹೊತ್ತಿರುವ ‘ಸೀಕ್ರೆಟ್ ಸರ್ವಿಸ್’ ಎಂಬ ಸಂಸ್ಥೆ 1990ರ ದಶಕದಲ್ಲಿ ಒಂದು ಅಧ್ಯಯನ ನಡೆಸಿತು. ಮನಶ್ಶಾಸ್ತ್ರಜ್ಞ ರಾಬರ್ಟ್ ಫೈನ್ ಮತ್ತು ಆ ಸಂಸ್ಥೆಯ ಅಧಿಕಾರಿ ಬ್ರಯನ್ ವಾಸೆಕ್ವಿಲ್ ಸೇರಿ, 1949ರಿಂದ ಈಚೆಗೆ ಗಣ್ಯವ್ಯಕ್ತಿಗಳ ಮೇಲೆ ದಾಳಿ ನಡೆಸಿದ ಅಥವಾ ದಾಳಿಗೆ ಹೊಂಚು ಹಾಕಿದ 83 ಮಂದಿಯ ಜೀವನವನ್ನು ಪರಿಶೀಲಿಸಿದರು. ಅವರು ಕಂಡುಕೊಂಡ ಮುಖ್ಯ ಸಂಗತಿ ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ಬೆದರಿಕೆ ಹಾಕುವವರಲ್ಲಿ ಹೆಚ್ಚಿನವರು ಏನೂ ಮಾಡುವುದಿಲ್ಲ; ನಿಜವಾಗಿ ದಾಳಿ ನಡೆಸುವವರು ಅನೇಕ ವೇಳೆ ಗುರಿಯಾದವರಿಗೆ ನೇರವಾಗಿ ಬೆದರಿಕೆ ಹಾಕಿರುವುದಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ನಮ್ಮ ಗಾದೆಯ ಅರ್ಧ ಸತ್ಯ ಇದರಲ್ಲಿದೆ. ಉಳಿದರ್ಧ ಇನ್ನೂ ಮುಖ್ಯ: ಬೊಗಳದ ನಾಯಿಯ ಹೆಜ್ಜೆಯನ್ನು ಗಮನಿಸಬೇಕು. ಬೆದರಿಕೆ ಹಾಕುವುದು ಬೇರೆ, ಅಪಾಯವಾಗಿ ಪರಿಣಮಿಸುವುದು ಬೇರೆ ಎಂಬ ಈ ಭೇದವೇ ಮುಂದಿನದಕ್ಕೆಲ್ಲ ತಳಹದಿಯಾಯಿತು.

1999ರ ಏಪ್ರಿಲ್ 20ರಂದು ಕೊಲರಾಡೊ ರಾಜ್ಯದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ 12 ಮಂದಿ ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ಆಗ ಸೀಕ್ರೆಟ್ ಸರ್ವಿಸ್ ತನ್ನ ವಿದ್ಯೆಯನ್ನು ಶಾಲೆಗೆ ತಂದಿತು. ಆ ದೇಶದ ಶಿಕ್ಷಣ ಇಲಾಖೆಯೊಂದಿಗೆ ಸೇರಿ 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನೂ ಅವುಗಳಲ್ಲಿ ಭಾಗಿಗಳಾದ 41 ಹುಡುಗರನ್ನೂ ಕುರಿತು ಅಧ್ಯಯನ ನಡೆಸಿ 2002ರಲ್ಲಿ ವರದಿ ಪ್ರಕಟಿಸಿತು. ಪೊಲೀಸರು ನಿರೀಕ್ಷಿಸಿದ್ದ ‘ಕೊಲೆಗಡುಕ ಹುಡುಗನ ಮುಖಚಹರೆ’ ಅದರಲ್ಲಿ ಸಿಗಲಿಲ್ಲ. ಬಡವರ ಮಕ್ಕಳೂ ಇದ್ದರು, ಉಳ್ಳವರ ಮಕ್ಕಳೂ ಇದ್ದರು; ಹಿಂದುಳಿದವರೂ ಇದ್ದರು, ಜಾಣರೂ ಇದ್ದರು. ಆದರೆ ಶೇ 81ರಷ್ಟು ಪ್ರಕರಣಗಳಲ್ಲಿ ಆ ಹುಡುಗನ ಯೋಚನೆ ಕನಿಷ್ಠ ಒಬ್ಬರಿಗಾದರೂ ಮೊದಲೇ ಗೊತ್ತಿತ್ತು. ಹಾಗೆ ಗೊತ್ತಿದ್ದವರು ಬಹುಪಾಲು ಗೆಳೆಯರೇ ಹೊರತು ದೊಡ್ಡವರಲ್ಲ. ಶೇ 78ರಷ್ಟು ಮಂದಿ ಹಿಂದೆ ಆತ್ಮಹತ್ಯೆಯ ಯೋಚನೆ ಅಥವಾ ಪ್ರಯತ್ನ ಮಾಡಿದ್ದರು. ಶೇ 71ರಷ್ಟು ಮಂದಿ ಇತರರಿಂದ ಕಿರುಕುಳ, ಹಿಂಸೆ ಅನುಭವಿಸಿದ್ದರು.

ಅಂದರೆ ಅಪಾಯಕಾರಿ ಎಂದು ಹೊರಗೆ ಕಂಡ ಹುಡುಗ ಒಳಗೆ ಸಂಕಟದಲ್ಲಿದ್ದವನು. ಶಾಲೆಯನ್ನು ಕಾಯಲು ಗೋಡೆ ಎತ್ತರಿಸುವುದಕ್ಕಿಂತ, ಗೆಳೆಯರಿಗೆ ಗೊತ್ತಿರುವುದು ಒಬ್ಬ ದೊಡ್ಡವರ ಕಿವಿಗೆ ಬೀಳುವಂತೆ ಮಾಡುವುದೇ ಹೆಚ್ಚು ಫಲದಾಯಕ ಎಂಬುದು ವರದಿಯ ಸಾರ.

ಇದನ್ನು ಶಾಲೆಯಲ್ಲಿ ಬಳಸಬಹುದಾದ ಕ್ರಮವಾಗಿ ರೂಪಿಸಿದವರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡ್ಯೂಯಿ ಕಾರ್ನೆಲ್ ಪ್ರಮುಖರು. ಮುಖ್ಯೋಪಾಧ್ಯಾಯರು, ಆಪ್ತ ಸಲಹೆಗಾರರು, ಮನಶ್ಶಾಸ್ತ್ರಜ್ಞರು ಮತ್ತು ಶಾಲೆಗೆ ಪರಿಚಿತರಾದ ಪೊಲೀಸ್ ಅಧಿಕಾರಿ ಸೇರಿದ ಒಂದು ಚಿಕ್ಕ ತಂಡ. ಬೆದರಿಕೆಯ ಮಾತು ಬಂದಾಗ ಆ ಮಗುವನ್ನೂ ಕೇಳಿದವರನ್ನೂ ಕರೆದು ವಿಚಾರಿಸುವುದು. ಅದು ಕ್ಷಣದ ಸಿಟ್ಟಿನದೋ, ಬೇರೂರಿದ್ದೋ ಎಂದು ವಿಂಗಡಿಸುವುದು. ಕ್ಷಣದ್ದಾದರೆ ಕ್ಷಮೆ ಕೇಳಿಸಿ ರಾಜಿ ಮಾಡಿಸುವುದು, ಬೇರೂರಿದ್ದಾದರೆ ಗುರಿಯಾದವರಿಗೆ ರಕ್ಷಣೆ ಕೊಟ್ಟು ಮಗುವಿಗೆ ಚಿಕಿತ್ಸೆ, ನೆರವು ಒದಗಿಸುವುದು. ವರ್ಜೀನಿಯಾದ 35 ಶಾಲೆಗಳಲ್ಲಿ ಇದನ್ನು ಮೊದಲು ಪರೀಕ್ಷಿಸಿದಾಗ 188 ಪ್ರಕರಣಗಳು ಬಂದವು. ಅವುಗಳಲ್ಲಿ ಸುಮಾರು ಶೇ 70ರಷ್ಟು ಕ್ಷಣಿಕ ಸಿಟ್ಟಿನ ಮಾತುಗಳೇ ಆಗಿದ್ದವು. ಈ ತೂಗುವಿಕೆ ಇಲ್ಲದಿದ್ದರೆ ಆ ಮಕ್ಕಳಲ್ಲಿ ಎಷ್ಟೋ ಮಂದಿ ಶಾಲೆಯಿಂದ ಅಮಾನತಾಗಿ ಬೀದಿಗೆ ಬೀಳುವ ಸಂಭವವಿತ್ತು. ಯಾವ ತಪ್ಪಿಗೂ ಒಂದೇ ಕಠಿಣ ಶಿಕ್ಷೆ ಎಂಬ ನೀತಿ ಆ ದೇಶದ ಶಾಲೆಗಳಲ್ಲಿ ಪ್ರಬಲವಾಗಿದ್ದ ಕಾಲ ಅದು.

ಹಣ ಬಂದ ಬಗೆ, ಹೋದ ಬಗೆ

ಪದ್ಧತಿ ಸಿದ್ಧವಾದರೂ ಹಣ ಬಂದದ್ದು ದುರಂತಗಳ ಬೆನ್ನಿಗೇ. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಮಂದಿ ಹತರಾದ ಮೇಲೆ, ಆ ರಾಜ್ಯದ ಸರ್ಕಾರಿ ಕಾಲೇಜುಗಳು ಇಂಥ ತಂಡಗಳನ್ನು ರಚಿಸಬೇಕೆಂದು 2008ರಲ್ಲಿ ಕಾನೂನಾಯಿತು. 2013ರಲ್ಲಿ ಆ ನಿಯಮವನ್ನು ಸರ್ಕಾರಿ ಶಾಲೆಗಳಿಗೂ ವಿಸ್ತರಿಸಲಾಯಿತು. 2018ರ ಫೆಬ್ರುವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಮಂದಿ ಸತ್ತ ಬಳಿಕ, ಮುಂದಿನ ತಿಂಗಳಲ್ಲೇ ಅಮೆರಿಕದ ಸಂಸತ್ತು ‘ಸ್ಟಾಪ್ ಸ್ಕೂಲ್ ವಯಲೆನ್ಸ್’ ಕಾಯ್ದೆಯನ್ನು ಅಂಗೀಕರಿಸಿತು. ಮೊದಲ ವರ್ಷಕ್ಕೆ 7.5 ಕೋಟಿ ಡಾಲರ್, 2019ರಿಂದ 2028ರವರೆಗೆ ವರ್ಷಕ್ಕೆ 10 ಕೋಟಿ ಡಾಲರ್ ಅನುದಾನಕ್ಕೆ ಅದು ಅವಕಾಶ ಮಾಡಿತು.

ಮೊತ್ತ ದೊಡ್ಡದೆನಿಸಬಹುದು. ಆದರೆ ಆ ದೇಶದಲ್ಲಿ ಸುಮಾರು 1 ಲಕ್ಷ ಸರ್ಕಾರಿ ಶಾಲೆಗಳಿವೆ. ಸಮನಾಗಿ ಹಂಚಿದರೆ ಒಂದು ಶಾಲೆಗೆ ವರ್ಷಕ್ಕೆ 1,000 ಡಾಲರಿನ ಆಸುಪಾಸು. ಅದರಲ್ಲಿ ಒಬ್ಬ ಸಲಹೆಗಾರರ ಒಂದು ತಿಂಗಳ ಸಂಬಳವೂ ಹುಟ್ಟುವುದಿಲ್ಲ. ಮೇಲಾಗಿ ಈ ಹಣ ತಂಡಗಳ ತರಬೇತಿಗೆ ಮಾತ್ರವಲ್ಲದೆ ಬಾಗಿಲ ಬೀಗ, ದೀಪ, ಲೋಹಶೋಧಕ, ಎಚ್ಚರಿಕೆ ಗಂಟೆಗಳಿಗೂ ಹಂಚಿಹೋಗುತ್ತದೆ. ಬೀಗವನ್ನು ಒಮ್ಮೆ ಕೊಂಡರೆ ಮುಗಿಯಿತು, ಉದ್ಘಾಟನೆಗೂ ಅನುಕೂಲ. ಮನುಷ್ಯನಿಗೆ ಪ್ರತಿ ತಿಂಗಳೂ ಸಂಬಳ ಕೊಡಬೇಕು. ಅನುದಾನದ ಹಣ ಸಲಕರಣೆಯ ಕಡೆ ವಾಲುವುದಕ್ಕೆ ಇದೇ ಕಾರಣ.

2022ರಲ್ಲಿ ಅಮೆರಿಕ ಈ ತಪ್ಪನ್ನು ತಿದ್ದಲು ನೋಡಿತು. ಶಾಲೆಗಳಿಗೆ ಮನಶ್ಶಾಸ್ತ್ರಜ್ಞರು, ಸಲಹೆಗಾರರನ್ನು ತಯಾರು ಮಾಡಿ ನೇಮಿಸಲು 100 ಕೋಟಿ ಡಾಲರನ್ನು ಹೊಸ ಕಾಯ್ದೆಯ ಮೂಲಕ ಮೀಸಲಿಟ್ಟಿತು. ಆದರೆ 2025ರ ಏಪ್ರಿಲ್‌ನಲ್ಲಿ ಅಲ್ಲಿಯ ಹೊಸ ಸರ್ಕಾರ ಆ ಅನುದಾನಗಳನ್ನು ಮುಂದುವರಿಸುವುದಿಲ್ಲವೆಂದು ಪ್ರಕಟಿಸಿತು. ಹಲವು ರಾಜ್ಯಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಅವಧಿ ಗೊತ್ತುಪಡಿಸಿದ ಅನುದಾನದ ಮೇಲೆ ನಿಂತ ಕೆಲಸ ಎಷ್ಟು ಬೇಗ ಅಲುಗಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬೆಂಗಳೂರಿನಿಂದ ಬಳ್ಳಾರಿಗೆ

ಕರ್ನಾಟಕದ ಕಥೆ ಬೇರೆ ದಿಕ್ಕಿನಿಂದ ಆರಂಭವಾಗುತ್ತದೆ. 19ನೆಯ ಶತಮಾನದ ನಡುಭಾಗದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹುಚ್ಚಾಸ್ಪತ್ರೆ, ಮೈಸೂರು ಸಂಸ್ಥಾನದ ಕಾಲದಲ್ಲಿ ಮಾನಸಿಕ ಆಸ್ಪತ್ರೆಯಾಗಿ ಬೆಳೆಯಿತು. 1954ರಲ್ಲಿ ಅದರ ಪಕ್ಕದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರಲ್ಲಿ ಇವೆರಡೂ ಒಂದಾಗಿ ‘ನಿಮ್ಹಾನ್ಸ್’ ಆಯಿತು.

ಆಸ್ಪತ್ರೆಯ ಗೋಡೆಯಾಚೆ ಹೋಗಬೇಕು ಎಂಬ ಯೋಚನೆ ಆಗಲೇ ಅಲ್ಲಿ ಮೊಳೆತಿತ್ತು. ಕೋಟ್ಯಂತರ ಜನರಿರುವ ದೇಶದಲ್ಲಿ ಬೆರಳೆಣಿಕೆಯ ಮನೋವೈದ್ಯರು ಎಲ್ಲರನ್ನೂ ನೋಡಲಾರರು. ಆದ್ದರಿಂದ ಜನರ ಬಳಿ ಈಗಾಗಲೇ ಇರುವವರಿಗೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ, ಶಿಕ್ಷಕರಿಗೆ ಈ ವಿದ್ಯೆಯ ಒಂದಂಶವನ್ನು ಕಲಿಸಬೇಕು ಎಂಬುದು ಅದರ ತಿರುಳು. 1970ರ ದಶಕದ ಕೊನೆಯಲ್ಲಿ ನಿಮ್ಹಾನ್ಸ್‌ನ ಚಿಕಿತ್ಸಾ ಮನಶ್ಶಾಸ್ತ್ರಜ್ಞೆ ಮಾಲವಿಕಾ ಕಪೂರ್ ಮತ್ತು ಸಹೋದ್ಯೋಗಿಗಳು ಶಾಲಾ ಶಿಕ್ಷಕರಿಗೆ ಮಕ್ಕಳ ಭಾವನಾತ್ಮಕ ಸಮಸ್ಯೆಗಳ ಬಗ್ಗೆ ತರಬೇತಿ ನೀಡಿ, ಅದರ ಫಲವನ್ನೂ ಅಳೆದು ನೋಡಿದರು. ಭಾರತೀಯ ಶಾಲೆಗಳ ಮಾನಸಿಕ ಆರೋಗ್ಯವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1997ರಲ್ಲಿ ಪ್ರಕಟವಾಯಿತು. ಕೊಲಂಬೈನ್ ದುರಂತಕ್ಕೆ ಎರಡು ದಶಕ ಮೊದಲೇ ಇಲ್ಲಿ ಈ ಕೆಲಸ ಸದ್ದಿಲ್ಲದೆ ಶುರುವಾಗಿತ್ತು ಎಂಬುದನ್ನು ಗಮನಿಸಬೇಕು.

ಶಿಕ್ಷಕರಿಗೆ ತರಬೇತಿ ಏಕೆ ಬೇಕು ಎಂಬುದಕ್ಕೆ ಇನ್ನೂ ಹಳೆಯ ಆಧಾರವಿದೆ. 1928ರಲ್ಲೇ ಇ.ಕೆ. ವಿಕ್‌ಮನ್ ಎಂಬ ಅಮೆರಿಕನ್ ಸಂಶೋಧಕ ಮಕ್ಕಳ ಯಾವ ವರ್ತನೆಗಳು ಗಂಭೀರವೆಂದು ಶಿಕ್ಷಕರನ್ನೂ ಮನೋತಜ್ಞರನ್ನೂ ಕೇಳಿ ಹೋಲಿಸಿದ್ದ. ಶಿಕ್ಷಕರ ದೃಷ್ಟಿಯಲ್ಲಿ ಗಂಭೀರವಾದವು ಅವಿಧೇಯತೆ, ಕಳ್ಳತನ, ತರಗತಿಯ ಶಿಸ್ತು ಕೆಡಿಸುವ ನಡತೆ. ತಜ್ಞರ ದೃಷ್ಟಿಯಲ್ಲಿ ಹೆಚ್ಚು ಚಿಂತೆಗೆ ಕಾರಣವಾದವು ಮೂಲೆ ಸೇರುವುದು, ಮಂಕಾಗಿರುವುದು, ಯಾರೊಂದಿಗೂ ಬೆರೆಯದಿರುವುದು. ಗಲಾಟೆಯ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಸದ್ದಿಲ್ಲದೆ ಕುಗ್ಗುತ್ತಿರುವ ಮಗು ‘ಒಳ್ಳೆಯ ಹುಡುಗ, ತೊಂದರೆ ಕೊಡುವುದಿಲ್ಲ’ ಎಂಬ ಪ್ರಶಂಸೆಯ ಕೆಳಗೆ ಮರೆಯಾಗುತ್ತದೆ. ಅರವತ್ತು ಮಕ್ಕಳ ತರಗತಿಯಲ್ಲಿ ಪಾಠ ಮುಗಿಸಬೇಕಾದ ಮೇಷ್ಟ್ರಿಗೆ ಇದು ಕಾಣದಿದ್ದರೆ ಅದು ಅವರ ತಪ್ಪಲ್ಲ. ಅದನ್ನು ಕಾಣುವ ಕಣ್ಣನ್ನು ಯಾರೂ ಅವರಿಗೆ ಕೊಟ್ಟಿಲ್ಲ.

1982ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಒಪ್ಪಿಗೆ ದೊರೆಯಿತು. ಅದನ್ನು ಒಂದಿಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ನಿಮ್ಹಾನ್ಸ್ ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ನೀಡಲಾಯಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಆ ಪ್ರಯೋಗವನ್ನೇ ಆಧರಿಸಿ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿತು. ಒಂಬತ್ತನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ 28 ಕೋಟಿ ರೂಪಾಯಿ ವೆಚ್ಚದಲ್ಲಿ ಅದು 27 ಜಿಲ್ಲೆಗಳಿಗೆ ಹಬ್ಬಿತು. ಮುಂದೆ ಶಾಲೆಗಳಲ್ಲಿ ಜೀವನ ಕೌಶಲ ಶಿಕ್ಷಣ, ಕಾಲೇಜುಗಳಲ್ಲಿ ಸಲಹಾ ಸೇವೆ, ಆತ್ಮಹತ್ಯೆ ತಡೆ ಎಂಬ ಅಂಶಗಳೂ ಇದಕ್ಕೆ ಸೇರಿದವು. ಶಾಲೆಯ ಮಗುವಿನ ಮನಸ್ಸಿಗೆ ಸರ್ಕಾರದ ಲೆಕ್ಕದಲ್ಲಿ ಒಂದು ಸಾಲು ಸಿಕ್ಕಿದ್ದು ಹೀಗೆ, ಆರೋಗ್ಯ ಇಲಾಖೆಯ ಪುಸ್ತಕದಲ್ಲಿ.

ಜೀವನ ಕೌಶಲ ಎಂದರೆ ಸಿಟ್ಟು, ಒತ್ತಡಗಳನ್ನು ನಿಭಾಯಿಸುವುದು, ಬೇಡವೆನ್ನಲು ಕಲಿಯುವುದು, ನಿರ್ಧಾರ ಕೈಗೊಳ್ಳುವುದು, ಇನ್ನೊಬ್ಬರ ನೋವನ್ನು ಅರಿಯುವುದು ಮುಂತಾದವು. ನಿಮ್ಹಾನ್ಸ್‌ನ ಡಾ. ಶ್ರೀಕಲಾ ಭರತ್ ಮತ್ತು ಡಾ. ಕೆ.ವಿ. ಕಿಶೋರ್ ಕುಮಾರ್ ಇವನ್ನು ಶಿಕ್ಷಕರೇ ಆಟ, ಚರ್ಚೆಗಳ ಮೂಲಕ ಕಲಿಸಬಹುದಾದ ಪಠ್ಯವಾಗಿ ರೂಪಿಸಿದರು. 2010ರಲ್ಲಿ ಪ್ರಕಟವಾದ ಅವರ ಮೌಲ್ಯಮಾಪನದಲ್ಲಿ ಈ ಶಿಕ್ಷಣ ಪಡೆದ 605 ವಿದ್ಯಾರ್ಥಿಗಳನ್ನು, ಪಡೆಯದ 423 ವಿದ್ಯಾರ್ಥಿಗಳೊಂದಿಗೆ ಹೋಲಿಸಲಾಗಿತ್ತು. ಪಡೆದವರಲ್ಲಿ ಆತ್ಮಗೌರವ ಹೆಚ್ಚಿತ್ತು, ಕಷ್ಟವನ್ನು ನಿಭಾಯಿಸುವ ಧೈರ್ಯ ಉತ್ತಮವಾಗಿತ್ತು, ಶಿಕ್ಷಕರೊಂದಿಗಿನ ಹೊಂದಾಣಿಕೆ ಸುಧಾರಿಸಿತ್ತು. ಆದರೆ ಮಾನಸಿಕ ತೊಂದರೆಯ ಲಕ್ಷಣಗಳ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಇದು ನಿರಾಶೆಯ ಮಾತಲ್ಲ, ಮಿತಿಯನ್ನು ತೋರಿಸುವ ಮಾತು. ಎಲ್ಲ ಮಕ್ಕಳಿಗೂ ಕಲಿಸುವ ಪಾಠ ಒಂದು. ಈಗಾಗಲೇ ಸಂಕಟದಲ್ಲಿರುವ ಮಗುವನ್ನು ಗುರುತಿಸಿ ಕೈಹಿಡಿಯುವುದು ಇನ್ನೊಂದು. ಮೊದಲನೆಯದನ್ನು ಶಿಕ್ಷಕರು ಮಾಡಬಲ್ಲರು. ಎರಡನೆಯದಕ್ಕೆ ತರಬೇತಾದ ವ್ಯಕ್ತಿ ಬೇಕೇ ಬೇಕು.

ಶಿವಮೊಗ್ಗದ ಪಾಲು

ಈ ಇತಿಹಾಸದಲ್ಲಿ ಶಿವಮೊಗ್ಗದ ಪಾಲು ಸಣ್ಣದಲ್ಲ. ಮನೋವೈದ್ಯ ಡಾ. ಕೆ.ಎ. ಅಶೋಕ್ ಪೈ ಇಲ್ಲಿ ‘ಮಾನಸ’ ಆಸ್ಪತ್ರೆಯನ್ನು ಕಟ್ಟಿದರು. ಮನೋವೈದ್ಯರ ಬಳಿ ಹೋಗುವುದೆಂದರೆ ಹುಚ್ಚನೆಂಬ ಪಟ್ಟ ಕಟ್ಟಿಸಿಕೊಂಡಂತೆ ಎಂದು ಜನ ಹೆದರುತ್ತಿದ್ದ ಕಾಲದಲ್ಲಿ ಅವರು ಆಸ್ಪತ್ರೆಯೊಳಗೆ ಮಾತ್ರ ಕುಳಿತುಕೊಳ್ಳಲಿಲ್ಲ. ಕಥೆ, ಲೇಖನ, ಭಾಷಣಗಳ ಜೊತೆಗೆ ಸಿನಿಮಾವನ್ನೂ ಮನಸ್ಸಿನ ಕಾಯಿಲೆಗಳ ಬಗ್ಗೆ ತಿಳಿವಳಿಕೆ ಮೂಡಿಸಲು ಬಳಸಿದರು. ಸುರೇಶ್ ಹೆಬ್ಳೀಕರ್ ನಿರ್ದೇಶನದ ‘ಕಾಡಿನ ಬೆಂಕಿ’ ಆ ಪ್ರಯತ್ನದ ಫಲ. ಅತ್ಯುತ್ತಮ ಕನ್ನಡ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಮುಂದೆ ರಾಜ್ಯದ ಮಾನಸಿಕ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾಗಿಯೂ ದುಡಿದ ಅವರು 2016ರಲ್ಲಿ ನಿಧನರಾದರು. 2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚಿಕಿತ್ಸಾ ಶಿಬಿರಗಳನ್ನು ಆರಂಭಿಸಿತು. ಮನಸ್ಸಿನ ವೈದ್ಯ ಜಿಲ್ಲಾ ಕೇಂದ್ರ ಬಿಟ್ಟು ತಾಲ್ಲೂಕಿಗೆ ಹೊರಟ ಹೆಜ್ಜೆ ಅದು.

ಅಶೋಕ್ ಪೈ ಅವರಂಥವರ ಕೆಲಸ ತೋರಿಸಿಕೊಟ್ಟದ್ದೇನೆಂದರೆ, ಈ ವಿಷಯದಲ್ಲಿ ಮೊದಲ ಅಡ್ಡಿ ನಾಚಿಕೆ. ತಮ್ಮ ಮಗುವನ್ನು ಸಲಹೆಗಾರರ ಬಳಿ ಕಳಿಸಿ ಎಂದರೆ ತಾಯ್ತಂದೆಯರಿಗೆ ಅವಮಾನವೆನಿಸಿದರೆ, ಎಷ್ಟು ಹಣ ಸುರಿದರೂ ಬಾಗಿಲು ತೆರೆಯುವುದಿಲ್ಲ. ಆ ಅಡ್ಡಿ ಮಲೆನಾಡಿನ ಈ ಊರಿನಲ್ಲಿ ಹಲವು ದಶಕಗಳ ಮಾತಿನಿಂದ, ಬರಹದಿಂದ ಸ್ವಲ್ಪಮಟ್ಟಿಗೆ ಸಡಿಲಗೊಂಡಿದೆ. ಎರಡನೆಯ ಅಡ್ಡಿ ಹಣ.

ತಲೆಗೆ ಐದು ರೂಪಾಯಿ

ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಕಾಲದ ಮಾರ್ಗಸೂಚಿಯಂತೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಒಂದು ಜಿಲ್ಲೆಗೆ ವರ್ಷಕ್ಕೆ ಗರಿಷ್ಠ 83.2 ಲಕ್ಷ ರೂಪಾಯಿ ನೆರವು ನಿಗದಿಯಾಗಿತ್ತು. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 17.5 ಲಕ್ಷ. ಪೂರ್ತಿ ಹಣ ಬಂದರೂ ತಲೆಗೆ ವರ್ಷಕ್ಕೆ ಐದು ರೂಪಾಯಿಗಿಂತ ಕಡಿಮೆ. ವೈದ್ಯರ ಸಂಬಳ, ಔಷಧಿ, ವಾಹನ, ತರಬೇತಿ ಎಲ್ಲವೂ ಅದರಲ್ಲೇ ಆಗಬೇಕು. ಶಾಲೆಯ ಮಕ್ಕಳ ಪಾಲಿಗೆ ಉಳಿಯುವುದು ವರ್ಷಕ್ಕೊಂದೆರಡು ಕಾರ್ಯಾಗಾರದಷ್ಟು.

ಅಗತ್ಯ ಎಷ್ಟೆಂಬುದಕ್ಕೆ ಲೆಕ್ಕವಿದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದಾಗಿ ಅಂದಾಜು ಮಾಡಿತು. ನಲವತ್ತು ಮಕ್ಕಳ ತರಗತಿಯಲ್ಲಿ ಮೂವರು ಎಂದಾಯಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಅಮೆರಿಕದ ಶಾಲೆಗಳ ಭಯ ಬಂದೂಕಿನದು; ನಮ್ಮ ಶಾಲೆಗಳಲ್ಲಿ ಮಗು ಹಾಕುವ ಬೆದರಿಕೆ ಬಹುಮಟ್ಟಿಗೆ ತನ್ನ ಜೀವಕ್ಕೇ ಹಾಕುವ ಬೆದರಿಕೆ. ಆದರೆ ಎರಡನ್ನೂ ತಡೆಯುವ ದಾರಿ ಒಂದೇ. ಹೊತ್ತಿಗೆ ಮೊದಲೇ ಯಾರಿಗೋ ಗೊತ್ತಾಗಬೇಕು, ಗೊತ್ತಾದವರಿಗೆ ಏನು ಮಾಡಬೇಕೆಂದು ತಿಳಿದಿರಬೇಕು.

ಇತ್ತೀಚಿನ ವರ್ಷಗಳಲ್ಲಿ ಹಣ ಹೆಚ್ಚು ಹರಿದದ್ದು ದೂರವಾಣಿಯ ಕಡೆಗೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ-ಮಾನಸ್’ ಸಹಾಯವಾಣಿಗೆ (ಸಂಖ್ಯೆ 14416) ಮೂರು ಆರ್ಥಿಕ ವರ್ಷಗಳಲ್ಲಿ ಕ್ರಮವಾಗಿ 120.98 ಕೋಟಿ, 133.73 ಕೋಟಿ ಮತ್ತು 90 ಕೋಟಿ ರೂಪಾಯಿ ಹಂಚಿಕೆಯಾಯಿತು. ಕನ್ನಡದಲ್ಲೂ ಉತ್ತರ ಸಿಗುವ, ಹಗಲಿರುಳು ನಡೆಯುವ ಈ ಸೇವೆ ನಿಜಕ್ಕೂ ಉಪಯುಕ್ತ. ಮಕ್ಕಳ ಸಹಾಯವಾಣಿ 1098 ಇನ್ನೂ ಹಳೆಯದು. 1996ರಲ್ಲಿ ಮುಂಬಯಿಯಲ್ಲಿ ಹುಟ್ಟಿದ್ದು. ಆದರೆ ಕರೆ ಮಾಡುವ ಧೈರ್ಯ ಮಾಡಿದ ಮಗುವಿಗೆ ಮಾತ್ರ ದೂರವಾಣಿ ನೆರವಾದೀತು. ಕರೆ ಮಾಡದೆ ಹಿಂದಿನ ಬೆಂಚಿನಲ್ಲಿ ಕುಳಿತ ಮಗುವಿನ ಹತ್ತಿರ ಹೋಗಲು ಕಾಲಿರುವ ಮನುಷ್ಯರೇ ಬೇಕು.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಈ ದಿಕ್ಕಿನಲ್ಲಿ ಮಹತ್ವದ ಹೆಜ್ಜೆ ಇಟ್ಟಿತು. ವಿಶಾಖಪಟ್ಟಣದಲ್ಲಿ ಪ್ರವೇಶ ಪರೀಕ್ಷೆಗೆ ಸಿದ್ಧವಾಗುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ, ಶಾಸನ ಬರುವವರೆಗೆ ಪಾಲಿಸಬೇಕಾದ ಮಾರ್ಗಸೂಚಿಗಳನ್ನು ಹೊರಡಿಸಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಒಬ್ಬ ಅರ್ಹ ಸಲಹೆಗಾರ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನು ನೇಮಿಸಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು. ಎಲ್ಲ ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಬೇಕು. ನ್ಯಾಯಾಲಯ ಹೊಣೆಯನ್ನು ಗೊತ್ತುಪಡಿಸಿತು. ಸಂಬಳದ ಹಣವನ್ನು ಹುಡುಕುವುದು ಮಾತ್ರ ಸರ್ಕಾರಗಳ ಹಾಗೂ ಆಡಳಿತ ಮಂಡಳಿಗಳ ಪಾಲಿಗೆ ಉಳಿಯಿತು. ಶುಲ್ಕ ಪಡೆಯುವ ದೊಡ್ಡ ಖಾಸಗಿ ಶಾಲೆ ಅದನ್ನು ಹೇಗೋ ಹೊಂದಿಸಿಕೊಂಡೀತು. ಬಡಾವಣೆಯ ಸರ್ಕಾರಿ ಪ್ರೌಢಶಾಲೆಗೆ ಅಂಥ ಅನುಕೂಲವಿಲ್ಲ. ಸಂಕಟ ಹೆಚ್ಚಿರುವ ಕಡೆಯೇ ನೆರವು ಕಡಿಮೆಯಾಗುವ ಅಪಾಯ ಇಲ್ಲಿದೆ.

ತೂಗುವ ಕೈಯಲ್ಲಿ ತಕ್ಕಡಿ ನೆಟ್ಟಗಿರಬೇಕು

ಹಣ ಬಂದರೂ ಎಲ್ಲವೂ ಸರಿಹೋಗುತ್ತದೆ ಎನ್ನಲಾಗದು. ಮಕ್ಕಳನ್ನು ಗಮನಿಸುವ ವ್ಯವಸ್ಥೆ ಮಕ್ಕಳ ಮೇಲೆ ಗೂಢಚರ್ಯೆಯಾಗಿ ಮಾರ್ಪಡಲು ಬಹಳ ಹೊತ್ತು ಬೇಕಿಲ್ಲ. ಅಮೆರಿಕದಲ್ಲೇ ಕೆಲವೆಡೆ ಅಂಗವಿಕಲ ಮಕ್ಕಳು, ಕಪ್ಪು ಜನಾಂಗದ ಮಕ್ಕಳು ಇಂಥ ತಂಡಗಳ ಮುಂದೆ ಹೆಚ್ಚಾಗಿ ನಿಲ್ಲಬೇಕಾಗುತ್ತದೆ ಎಂಬ ಆಕ್ಷೇಪ ಎದ್ದಿದೆ. ನಮ್ಮಲ್ಲಿ ಜಾತಿ, ಕೇರಿ, ಅಪ್ಪನ ಕಸುಬು ನೋಡಿ ‘ಇವನು ಹೀಗೇ’ ಎಂದು ತೀರ್ಪು ಕೊಡುವ ಅಭ್ಯಾಸಕ್ಕೆ ಕೊರತೆ ಇಲ್ಲ. ಒಮ್ಮೆ ಕಡತದಲ್ಲಿ ‘ಅಪಾಯಕಾರಿ’ ಎಂದು ಬರೆದ ಪದ ಮಗುವನ್ನು ಕಾಲೇಜಿನವರೆಗೂ ಹಿಂಬಾಲಿಸಬಹುದು.

ಆದ್ದರಿಂದಲೇ ಈ ಪದ್ಧತಿಯನ್ನು ರೂಪಿಸಿದವರು ಮಗುವಿನ ಚಹರೆಯನ್ನಲ್ಲ, ನಡತೆಯನ್ನು ನೋಡಿ ಎಂದು ಒತ್ತಿ ಹೇಳಿದ್ದು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದಲೇ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಹೋದ ಜಾಗಕ್ಕೆ ಬರಬೇಕಾದದ್ದು ಮಾತು. ಆದರೆ ಮಾತನಾಡಿಸಲು ಪುರುಸೊತ್ತೂ ತರಬೇತಿಯೂ ಇಲ್ಲದ ಕಡೆ ಆ ಜಾಗ ಖಾಲಿಯಾಗಿಯೇ ಉಳಿಯುತ್ತದೆ, ಅಥವಾ ಪೊಲೀಸ್ ಠಾಣೆಗೆ ಹೋಗುವ ದಾರಿಯಾಗುತ್ತದೆ.

ಕರ್ನಾಟಕದಲ್ಲಿ ಹೊಸದಾಗಿ ಎಲ್ಲವನ್ನೂ ಕಟ್ಟಬೇಕಾಗಿಯೂ ಇಲ್ಲ. 2001ರಿಂದ ಪ್ರತಿ ಸರ್ಕಾರಿ ಶಾಲೆಯ ಜೊತೆಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ತಾಯ್ತಂದೆಯರಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ತಂಡವಿದೆ. ಪಠ್ಯವನ್ನು ನಿಮ್ಹಾನ್ಸ್ ಸಿದ್ಧಪಡಿಸಿ ಕೊಟ್ಟಿದೆ. ನಾಲ್ಕೈದು ಶಾಲೆಗಳಿಗೆ ಒಬ್ಬರಂತೆ, ವಾರದಲ್ಲಿ ಗೊತ್ತಾದ ದಿನ ತಪ್ಪದೆ ಬರುವ ಸಲಹೆಗಾರರಿದ್ದರೆ, ಪ್ರತಿ ಶಾಲೆಯಲ್ಲಿ ತರಬೇತಾದ ಇಬ್ಬರು ಶಿಕ್ಷಕರಿದ್ದರೆ, ಅವರಿಗೆ ಸಂದೇಹ ಬಂದಾಗ ಕೇಳಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿದ್ದರೆ ಒಂದು ತಂಡದ ಎಲುಬುಗೂಡು ಸಿದ್ಧವಾದಂತೆ. ಇವರನ್ನು ಜೋಡಿಸುವ ಖರ್ಚು ಆರೋಗ್ಯ ಇಲಾಖೆಯದೋ ಶಿಕ್ಷಣ ಇಲಾಖೆಯದೋ ಎಂಬ ಗೊಂದಲ ಬಗೆಹರಿಯಬೇಕು. ಅದಕ್ಕಿಂತ ಮುಖ್ಯವಾಗಿ, ಆ ಖರ್ಚು ಒಂದು ವರ್ಷದ ಯೋಜನೆಯಾಗಿರದೆ ಶಿಕ್ಷಕರ ಸಂಬಳದಂತೆ ಕಾಯಂ ಲೆಕ್ಕವಾಗಬೇಕು. ಮಗು ನಂಬುವುದು ಯೋಜನೆಯನ್ನಲ್ಲ, ಪರಿಚಿತ ಮುಖವನ್ನು. ಗುತ್ತಿಗೆ ಮುಗಿಯಿತೆಂದು ವರ್ಷ ವರ್ಷವೂ ಬದಲಾಗುವ ಮುಖದೆದುರು ಯಾವ ಮಗುವೂ ಮನಸ್ಸು ಬಿಚ್ಚುವುದಿಲ್ಲ.

ಇದರಲ್ಲೊಂದು ನಿಜವಾದ ತೊಡಕಿದೆ. ಗೋಡೆ ಕಟ್ಟಿದರೆ ಅಳೆದು ತೋರಿಸಬಹುದು. ಮಾತು ಕೇಳಿದ್ದರಿಂದ ನಡೆಯದೇ ಹೋದ ಅನಾಹುತವನ್ನು ಲೆಕ್ಕಪರಿಶೋಧಕರಿಗೆ ತೋರಿಸುವುದು ಕಷ್ಟ. ಅಮೆರಿಕದ ಸೀಕ್ರೆಟ್ ಸರ್ವಿಸ್ 2021ರಲ್ಲಿ ಆ ಕಷ್ಟದ ಕೆಲಸವನ್ನೂ ಮಾಡಿ ನೋಡಿತು: ನಡೆಯುವ ಮೊದಲೇ ತಪ್ಪಿಹೋದ 67 ಶಾಲಾ ದಾಳಿಗಳ ಸಂಚುಗಳನ್ನು ಪರಿಶೀಲಿಸಿ ವರದಿ ಪ್ರಕಟಿಸಿತು. ಅವು ತಪ್ಪಿದ ಬಗೆಯಲ್ಲಿ ಎದ್ದುಕಂಡ ಸಂಗತಿ ಯಾವ ಯಂತ್ರದ ಮಹಿಮೆಯೂ ಅಲ್ಲ. ಬಹುಪಾಲು ಗೆಳೆಯನೊಬ್ಬ, ಸಹಪಾಠಿಯೊಬ್ಬಳು ತಾನು ಕಂಡದ್ದನ್ನು, ಕೇಳಿದ್ದನ್ನು ದೊಡ್ಡವರಿಗೆ ಹೇಳಿದ್ದು. ಹಾಗೆ ಹೇಳಬಹುದು, ಹೇಳಿದರೆ ತಾನೂ ಗೆಳೆಯನೂ ಬೈಸಿಕೊಳ್ಳುವುದಿಲ್ಲ ಎಂಬ ಭರವಸೆ ಮಕ್ಕಳಲ್ಲಿ ಹುಟ್ಟಬೇಕಾದರೆ ಶಾಲೆಯಲ್ಲಿ ಕೇಳುವವರೊಬ್ಬರು ಇರಬೇಕು. ಅವರಿಗೆ ಕೊಡುವ ಸಂಬಳ ಬಜೆಟ್ಟಿನಲ್ಲಿ ಎಷ್ಟು ಚಿಕ್ಕ ಸಾಲಾದರೂ ಸರಿ, ಅದು ಪ್ರತಿ ವರ್ಷ ತಪ್ಪದೆ ಇರಬೇಕಾದ ಸಾಲು.